ಇಗುವಾನಾ, ಆಮೆ, ಗಿನಿಪಿಗ್, ಗಿಳಿ: ಎಲ್ಲವನ್ನೂ ಒಂದೇ ಕಡೆ ಒಪ್ಪಿಸಲಿಕ್ಕೆ ಆಗುತ್ತದಾ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಮಗ ಇಂಜಿನಿಯರಿಂಗ್ ಓದಲು ಮೈಸೂರಿಗೆ ಹೋಗುತ್ತಾನೆ. ನಾನು ಸೆಪ್ಟೆಂಬರಿನಲ್ಲಿ ಮಸ್ಕತ್‌ಗೆ, ಯಜಮಾನರ ಹತ್ತಿರ. ಮನೆಯಲ್ಲಿ ಉಳಿಯುವುದು ಅತ್ತೆ ಒಬ್ಬರೇ, ಅವರಿಗೆ 74 ವರ್ಷ. ಮಗ ಸಾಕಿದ್ದು ಒಂದು ಹಸಿರು ಇಗುವಾನಾ (ದೊಡ್ಡ ಹಲ್ಲಿಯಂಥದ್ದು, ಬೆಂಗಳೂರಿಂದ ತಂದು 4 ವರ್ಷ ಆಯಿತು), ಎರಡು ಕೆಂಪು ಕಿವಿಯ ಆಮೆ, 7 ಗಿನಿಪಿಗ್, ಒಂದು ಜೋಡಿ ಕಾಕಟೀಲ್ ಹಕ್ಕಿ. ಮತ್ತೆ ಅತ್ತೆಯ ಗಿಳಿ, 3 ವರ್ಷದ ಹಿಂದೆ ತೆಂಗಿನ ಮರ ಕಡಿದಾಗ ಸಿಕ್ಕಿದ ಮರಿ. ಎಲ್ಲವನ್ನೂ ಒಟ್ಟಿಗೆ ಯಾವುದಾದರೂ ಅಭಯಾರಣ್ಯಕ್ಕೆ ಕೊಡಬಹುದಾ? ಆಮೆಯನ್ನು ದೇವಸ್ಥಾನದ ಕೆರೆಗೆ ಬಿಡಿ, ಪುಣ್ಯ ಬರುತ್ತದೆ ಅಂತ ಹೇಳುವವರೂ ಇದ್ದಾರೆ.

ಉತ್ತರ: ಅಕ್ಕ, ಮೊದಲು ಆ ಕೆರೆಯ ವಿಷಯ ಮುಗಿಸುತ್ತೇನೆ. ಉಳಿದದ್ದಕ್ಕೆಲ್ಲ ಸಮಯ ಉಂಟು, ಆದರೆ ಯಾರಾದರೂ ನಾಳೆ ಬೆಳಿಗ್ಗೆ ಆಮೆಯನ್ನು ಬಕೆಟಿಗೆ ಹಾಕಿಕೊಂಡು ಹೋಗಿ ಬಿಟ್ಟುಬಂದರೆ ಮತ್ತೆ ಹಿಡಿಯಲಿಕ್ಕೆ ಆಗುವುದಿಲ್ಲ. ಬಿಡಬೇಡಿ. ದೇವಸ್ಥಾನದ ಕೆರೆಗೂ ಬೇಡ, ತೋಟದ ಪಳ್ಳಕ್ಕೂ ಬೇಡ, ಪಯಸ್ವಿನಿ ಹೊಳೆಗಂತೂ ಬೇಡವೇ ಬೇಡ.

ಕಣ್ಣಿನ ಹಿಂದೆ ಕೆಂಪು ಗೀಟು ಇರುವ ಈ ಆಮೆ ಅಮೆರಿಕದ ಮಿಸಿಸಿಪ್ಪಿ ನದಿ ಕಡೆಯದು. ಅಂಗಡಿಯಲ್ಲಿ ನಾಣ್ಯದಷ್ಟೇ ಇರುತ್ತದೆ, ಮುದ್ದು ಮುದ್ದಾಗಿ. ಆಮೇಲೆ 25 ಸೆಂ.ಮೀ.ವರೆಗೂ ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬದುಕುತ್ತದೆ. ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಊರಿನ ಆಮೆಗಳು ಬಿಸಿಲು ಕಾಯುವ ಜಾಗದಿಂದ ಅವನ್ನು ತಳ್ಳಿ ಹಾಕುತ್ತದೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಒಂದು. ನಮ್ಮ ತೋಟದಲ್ಲಿ ಮಳೆ ಬಂದ ಕೂಡಲೇ ಎಲೆ ಮುಕ್ಕುವ ಆಫ್ರಿಕನ್ ಬಸವನಹುಳು ನಿಮಗೆ ಗೊತ್ತಲ್ವಾ, ಅದನ್ನು 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ಯಾರೋ ಒಬ್ಬರು ಆಸೆಪಟ್ಟು ತಂದದ್ದು. ಈಗ ಅದಕ್ಕೆ ಉಪ್ಪು ಹಾಕಿ ಹಾಕಿ ನಾವು ಸೋತಿದ್ದೇವೆ.

ಪಯಸ್ವಿನಿಗೆ ಯಾಕೆ ಅಷ್ಟು ಒತ್ತಿ ಹೇಳಿದೆ ಅಂದರೆ, ಅಲ್ಲಿ ನಮ್ಮದೇ ಒಂದು ಅಪರೂಪದ ಆಮೆ ಉಂಟು. ಕ್ಯಾಂಟರ್‌ನ ದೈತ್ಯ ಮೆದುಚಿಪ್ಪಿನ ಆಮೆ, ಮಲಯಾಳದಲ್ಲಿ ಪಾಲಪೂವನ್ ಅನ್ನುತ್ತಾರೆ. ಮರಳಿನಲ್ಲಿ ಹೂತುಕೊಂಡು ಮೂಗಿನ ತುದಿ ಮಾತ್ರ ಹೊರಗೆ ಹಾಕಿ ಕೂರುವ ಪ್ರಾಣಿ. ಕಾಸರಗೋಡು ಜಿಲ್ಲೆ 2023ರಲ್ಲಿ ತನ್ನದೇ ಮರ, ಹೂ, ಹಕ್ಕಿ ಅಂತ ಘೋಷಿಸಿತಲ್ಲ, ಕಾಸರಕ ಮರ, ಬಿಳಿ ಹೊಟ್ಟೆಯ ಕಡಲ ಹದ್ದು ಎಲ್ಲ, ಆಗ ಜಿಲ್ಲೆಯ ಪ್ರಾಣಿ ಅಂತ ಆರಿಸಿದ್ದು ಇದನ್ನೇ. ಅದರ ನದಿಗೆ ಅಮೆರಿಕದ ಆಮೆ ಬಿಡುವುದೆಂದರೆ ಎಂತ ಹೇಳುವುದು ಮಾರಾಯ್ರೆ.

ಇನ್ನು ಪುಣ್ಯ. ಅನಂತಪುರ ದೇವಸ್ಥಾನದ ಕೆರೆಯಲ್ಲಿ ಬಬಿಯಾ ಅನ್ನುವ ಮೊಸಳೆ ಇತ್ತು, 2022ರ ಅಕ್ಟೋಬರಿನಲ್ಲಿ ಸತ್ತಿತು, ಮರುವರ್ಷ ಇನ್ನೊಂದು ಕಾಣಿಸಿಕೊಂಡಿತು. ಅದನ್ನು ನೋಡಿ ಕೆರೆ ಅಂದರೆ ಏನನ್ನು ಬಿಟ್ಟರೂ ನಡೆಯುತ್ತದೆ ಅಂತ ನಮ್ಮವರಿಗೆ ಅನಿಸಿದೆಯೋ ಏನೋ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ, ನಗಬೇಡಿ, ನಿಜವಾಗಿ ಅಷ್ಟೇ.

ಈ ಎರಡು ಆಮೆಗೆ ಸರಿಯಾದ ಜಾಗ ತ್ರಿಶ್ಶೂರಿನ ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ. ಹೊರಗಿನಿಂದ ಬಂದು ನೆಲೆಯೂರುವ ಜೀವಿಗಳ ಮೇಲೆಯೇ ಕೆಲಸ ಮಾಡುವ ವಿಭಾಗ ಅಲ್ಲಿ ಉಂಟು. ತ್ರಿಶ್ಶೂರಿನ ಕಡೆ ತೋಡಿನಲ್ಲಿ ಈ ಆಮೆ ಸಿಕ್ಕಿದ ಮೇಲೆ, ಸಾಕಿದವರು ಹೊರಗೆ ಬಿಡದೆ ತಮಗೆ ಕೊಡಿ ಅಂತ ಕೇಳಿಕೊಂಡವರು ಅವರು. ಮೊದಲು ಫೋನ್ ಮಾಡಿ, ಜಾಗ ಇದೆಯಾ ಕೇಳಿ, ಆಮೇಲೆ ರೈಲು ಹತ್ತಿ. ಹೇಳದೆ ಕೇಳದೆ ಗೇಟಿನ ಹತ್ತಿರ ಡಬ್ಬ ಇಟ್ಟು ಬರುವವರೂ ಇದ್ದಾರೆ. ಅದೂ ಬಿಡುವುದೇ ಆಯಿತು, ಕೆರೆಯ ಬದಲು ಗೇಟು ಅಷ್ಟೇ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಅಭಯಾರಣ್ಯ ಅಂದರೆ ಕಾಡು ಪ್ರಾಣಿಗಳ ಕಾಡು. ಅಲ್ಲಿಗೆ ಸಾಕಿದ ಪ್ರಾಣಿ ಕೊಡಲಿಕ್ಕೆ ಬರುವುದಿಲ್ಲ. ನೀವು ಹುಡುಕುತ್ತಿರುವುದು ಆಶ್ರಯತಾಣ, ಪುನರ್ವಸತಿ ಕೇಂದ್ರ, ರೆಸ್ಕ್ಯೂ ಅಂತ ಕರೆಯುವಂಥದ್ದು. ನಮ್ಮ ಸುತ್ತಮುತ್ತ ಅವು ಹೆಚ್ಚಾಗಿ ನಾಯಿ ಬೆಕ್ಕಿಗೆ. ಮಂಗಳೂರಿನ ಪಿಲಿಕುಳ ಮೃಗಾಲಯಕ್ಕೆ ಕೊಡಬಹುದಲ್ಲ ಅಂತ ಸುಮಾರು ಜನ ನನ್ನನ್ನು ಕೇಳುತ್ತಾರೆ, ಮಂಗಳೂರು ನಮಗೆ ಹತ್ತಿರ ಅಲ್ವಾ, ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಎಲ್ಲದಕ್ಕೂ ಅಲ್ಲಿಗೇ ಹೋಗುವುದು. ಆದರೆ ಮೃಗಾಲಯಗಳು ಸಾಮಾನ್ಯವಾಗಿ ಜನರ ಕೈಯಿಂದ ನೇರ ತೆಗೆದುಕೊಳ್ಳುವುದಿಲ್ಲ, ಅರಣ್ಯ ಇಲಾಖೆಯ ಮೂಲಕ ಬರಬೇಕು. ನಮ್ಮ ಅರಣ್ಯ ಇಲಾಖೆ ಕೇರಳದ್ದು, ಅದರ ಫೈಲು ತಲಪಾಡಿ ಗಡಿ ದಾಟಿ ಉತ್ತರಕ್ಕೆ ಹೋಗುವುದಿಲ್ಲ, ದಕ್ಷಿಣಕ್ಕೆ ತಿರುವನಂತಪುರಕ್ಕೆ ಹೋಗುತ್ತದೆ. ಹಾಗಾಗಿ ನಿಮ್ಮ ಐದು ಬಗೆಯ ಪ್ರಾಣಿಗೆ ಐದು ಬೇರೆ ಬೇರೆ ದಾರಿ. ಕೇಳಿದರೆ ತಲೆಬಿಸಿ ಆಗುತ್ತದೆ, ಆದರೆ ಎರಡು ತಿಂಗಳಲ್ಲಿ ಆಗುವ ಕೆಲಸವೇ.

ಇಗುವಾನಾದ್ದು ಎಲ್ಲಕ್ಕಿಂತ ಜಾಸ್ತಿ ಕಾಗದದ ಕೆಲಸ. ಸೈಟಿಸ್ ಅಂತ ಒಂದು ಅಂತರರಾಷ್ಟ್ರೀಯ ಒಪ್ಪಂದ ಉಂಟು, ಪ್ರಾಣಿ ವ್ಯಾಪಾರದ ಬಗ್ಗೆ. ಹಸಿರು ಇಗುವಾನಾ ಅದರ ಎರಡನೇ ಪಟ್ಟಿಯಲ್ಲಿದೆ. ನಮ್ಮ 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಮಾಡಿದಾಗ ಈ ಪಟ್ಟಿಯ ಪ್ರಾಣಿಗಳನ್ನೆಲ್ಲ ನಾಲ್ಕನೇ ಷೆಡ್ಯೂಲಿಗೆ ಸೇರಿಸಿದರು. 2023ರ ಏಪ್ರಿಲ್ 1ರಿಂದ ಅದು ಜಾರಿ. ಅಂದರೆ ಮನೆಯಲ್ಲಿ ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು, ಇನ್ನೊಬ್ಬರಿಗೆ ಕೊಟ್ಟರೆ ತಿಳಿಸಬೇಕು, ಮರಿ ಹಾಕಿದರೂ ಸತ್ತರೂ ತಿಳಿಸಬೇಕು. ಅದಕ್ಕೆ ನಿಯಮ ಬಂದದ್ದು 2024ರ ಫೆಬ್ರವರಿ ಕೊನೆಗೆ, ಪರಿವೇಶ್ 2.0 ಎಂಬ ಸರ್ಕಾರಿ ಪೋರ್ಟಲ್ ಮೂಲಕ, 6 ತಿಂಗಳು ಸಮಯ ಕೊಟ್ಟಿದ್ದರು. ಆ ಸಮಯ ಮುಗಿದಿದೆ.

ಮಗ ನೋಂದಣಿ ಮಾಡಿಸಿದ್ದರೆ ಒಳ್ಳೆಯದು, ತೆಗೆದುಕೊಳ್ಳುವವರ ಹೆಸರಿಗೆ ವರ್ಗ ಮಾಡಿದರೆ ಆಯಿತು. ಮಾಡಿಸಿಲ್ಲ ಅಂದರೆ ಹೆದರಿ ಅಡಗಿಸಬೇಡಿ, ರಾತ್ರಿ ಕಾಡಿಗೆ ಬಿಟ್ಟು ಬರುವ ಯೋಚನೆಯೂ ಬೇಡ. ಕಾಸರಗೋಡಿನ ವಿಭಾಗೀಯ ಅರಣ್ಯಾಧಿಕಾರಿಗೆ ಒಂದು ಪತ್ರ ಬರೆಯಿರಿ: ಎಲ್ಲಿಂದ ತಂದದ್ದು, ಯಾವಾಗ, ಬಿಲ್ಲು ಇದ್ದರೆ ಅದರ ಪ್ರತಿ, ಎರಡು ಫೋಟೋ, ಸಾಕಲು ಆಗುವುದಿಲ್ಲ ಅಂತ ಕಾರಣ. ಕನ್ನಡದಲ್ಲಿ ಬರೆಯುವ ಹಕ್ಕು ನಮಗುಂಟು, ಬರೆಯಿರಿ. ಆದರೆ ಫೈಲು ಮೇಲೆ ಹೋಗಬೇಕಾದದ್ದರಿಂದ ಮಲಯಾಳದ್ದೋ ಇಂಗ್ಲಿಷಿನದ್ದೋ ಒಂದು ಪ್ರತಿ ಜೊತೆಗಿಡಿ, ಇಲ್ಲದಿದ್ದರೆ ಅನುವಾದಕ್ಕೆ ಅಂತಲೇ ಒಂದು ತಿಂಗಳು ಕೂತುಬಿಡುತ್ತದೆ. ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಬೆಂಗಳೂರಿನಲ್ಲಿ ಕೂಪಾ, ಪೀಪಲ್ ಫಾರ್ ಎನಿಮಲ್ಸ್ ತರಹದ ಹಳೆಯ ಪ್ರಾಣಿದಯಾ ಸಂಸ್ಥೆಗಳಿವೆ, ಅವರ ಹತ್ತಿರ ಸಲಹೆ ಕೇಳಬಹುದು. ಆದರೆ ಪ್ರಾಣಿಯನ್ನು ಕಾರಿನಲ್ಲಿ ಹಾಕಿಕೊಂಡು ರಾಜ್ಯ ದಾಟುವುದು ಕಾಗದ ಆದ ಮೇಲೆಯೇ.

ಯಾರು ತೆಗೆದುಕೊಂಡರೂ ಒಂದು ಮಾತು ಕೇಳಿ: ಅದಕ್ಕೆ ಬಿಸಿಲು ಎಲ್ಲಿ? ಗಾಜಿನ ಪೆಟ್ಟಿಗೆಯಲ್ಲಿ ಕಿಟಕಿ ಪಕ್ಕ ಇಟ್ಟರೆ ಸಾಕು ಅಂತ ತಿಳಿದವರಿಗೆ ಕೊಡಬೇಡಿ. ಗಾಜು ದಾಟಿ ಬರುವ ಬಿಸಿಲಿನಲ್ಲಿ ಬೇಕಾದ ಕಿರಣ ಇರುವುದಿಲ್ಲ, ಮೂಳೆ ಮೆತ್ತಗಾಗಿ ದವಡೆ ರಬ್ಬರಿನ ಹಾಗೆ ಬಾಗುತ್ತದೆ. ಚಿಕಿತ್ಸೆಗೆ ಅಂತ ನನ್ನ ಮೇಜಿನ ಮೇಲೆ ಅಂಥ ಮೂರು ನಾಲ್ಕು ಬಂದಿವೆ. ನೇರ ಬಿಸಿಲು ಬೇಕು, ಇಲ್ಲದಿದ್ದರೆ ಆ ಕಿರಣ ಕೊಡಲಿಕ್ಕೆಂದೇ ಇರುವ ಯುವಿಬಿ ಬಲ್ಬು. ಬಾಲ ಸೇರಿ ಐದು ಅಡಿ ಬೆಳೆಯುವ ಪ್ರಾಣಿ, 15 ವರ್ಷ ಬದುಕಬಹುದು. ನನ್ನನ್ನು ಕೇಳಿದರೆ ಇದನ್ನು ಹದಿನಾಲ್ಕು ವರ್ಷದ ಹುಡುಗನಿಗೆ ಮಾರುವುದೇ ತಪ್ಪು, ನಿಮ್ಮ ಮಗನನ್ನು ಬೈಯುವುದಿಲ್ಲ ನಾನು.

ಗಿನಿಪಿಗ್ ವಿಷಯ ಸಲೀಸು. ಕಾನೂನಿನ ಕಿರಿಕಿರಿ ಇಲ್ಲ. ಎರಡು ತಂದದ್ದು ಏಳಾಗಿರಬೇಕು, ಅಂಗಡಿಯವನು ಎರಡೂ ಹೆಣ್ಣು ಅಂದಿರುತ್ತಾನೆ. ಈ ವಾರವೇ ಗಂಡು ಹೆಣ್ಣು ಬೇರೆ ಮಾಡಿ, ಯಾಕೆಂದರೆ ಗಂಡುಮರಿ ಮೂರೂವರೆ ನಾಲ್ಕು ವಾರಕ್ಕೇ ತಯಾರು, ತಾಯಿ ತಂಗಿ ಅಂತ ನೋಡುವುದಿಲ್ಲ. ಬಸಿರಿನ ಅವಧಿ ಎರಡು ತಿಂಗಳು ಚಿಲ್ಲರೆ, ಅಂದರೆ ಈಗ ಸುಮ್ನೆ ಬಿಟ್ಟರೆ ನೀವು ಹೊರಡುವ ಹೊತ್ತಿಗೆ ಏಳು ಹೋಗಿ ಹದಿನೈದು. ಕೊಡುವಾಗ ಒಂದೊಂದೇ ಕೊಡಬೇಡಿ, ಒಂಟಿಯಾದರೆ ಮಂಕಾಗುತ್ತವೆ. ಎರಡು ಹೆಣ್ಣು, ಇಲ್ಲವೇ ಒಟ್ಟಿಗೆ ಬೆಳೆದ ಎರಡು ಗಂಡು. ಹಸು ಸಾಕುವ ಮನೆ ಸಿಕ್ಕಿದರೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ, ಹುಲ್ಲು ಹೇಗೂ ಉಂಟಲ್ಲ. ಇವಕ್ಕೆ ಮನುಷ್ಯರ ಹಾಗೆ ವಿಟಮಿನ್ ಸಿ ಹೊರಗಿನಿಂದಲೇ ಬೇಕು: ಪೇರಳೆ, ನೆಲ್ಲಿಕಾಯಿ, ದೊಣ್ಣೆ ಮೆಣಸು. ಇನ್ನೊಂದು, ತೆಗೆದುಕೊಳ್ಳುವವರಿಗೆ ತಪ್ಪದೆ ಹೇಳಿ: ಹುಷಾರಿಲ್ಲ ಅಂತ ಮನೆಯಲ್ಲಿರುವ ಅಮೋಕ್ಸಿಸಿಲಿನ್ ಅರೆದು ಕುಡಿಸಬಾರದು. ನಾಯಿಗೆ ಆಗುವ ಆ ಮದ್ದು ಗಿನಿಪಿಗ್‌ನ ಹೊಟ್ಟೆ ಕೆಡಿಸಿ ಕೊಂದೇಬಿಡುತ್ತದೆ.

'ಉಚಿತ' ಅಂತ ಹಾಕಿ ವಾಟ್ಸಾಪ್ ಸ್ಟೇಟಸ್ ಇಡಬೇಡಿ. ಹೆಬ್ಬಾವು ಸಾಕುವವರಿಗೆ ಆಹಾರ ಬೇಕಾಗುತ್ತದೆ, ಅರ್ಥ ಆಯಿತಲ್ಲ. ಒಂದಕ್ಕೆ ಇನ್ನೂರು ಮುನ್ನೂರು ಇಡಿ. ಆ ದುಡ್ಡಿಗೆ ಹುಲ್ಲಿನ ಬುಟ್ಟಿ ತೆಗೆದು ಅವರಿಗೇ ಕೊಡಿ ಬೇಕಾದರೆ.

ಕಾಕಟೀಲ್ ಸೈಟಿಸ್ ಪಟ್ಟಿಯಲ್ಲಿ ಇಲ್ಲ, ಬಜರಿಗರ್ ಕೂಡ ಇಲ್ಲ, ಹಾಗಾಗಿ ನೋಂದಣಿ ಬೇಡ. (ಸನ್ ಕನ್ಯೂರ್, ಆಫ್ರಿಕನ್ ಗ್ರೇ ತರಹದ ವಿದೇಶಿ ಗಿಳಿ ಇರುವವರು ಇದನ್ನು ಓದುತ್ತಿದ್ದರೆ, ನಿಮಗೆ ಇಗುವಾನಾದ ಪ್ಯಾರಾ.) ಹದಿನೈದು ವರ್ಷದ ಹತ್ತಿರ ಬದುಕುವ ಹಕ್ಕಿ. ಇದರಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ, ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಕುಂಬಳೆ ಕಡೆಯ ಒಬ್ಬರು ಗಲ್ಫಿಗೆ ಹೋಗುವಾಗ ಅವರ ಕಾಕಟೀಲನ್ನು ನಾನೇ ಮುಂದೆ ನಿಂತು ಇನ್ನೊಂದು ಮನೆಗೆ ಕೊಡಿಸಿದೆ. ಒಳ್ಳೆಯ ಮನೆ, ದೊಡ್ಡ ಪಂಜರ, ತೆನೆ, ನೀರು, ಎಲ್ಲ ಸರಿ. ಜುಲೈ ತಿಂಗಳು, ಜೋರು ಮಳೆ. ನಾಲ್ಕನೇ ದಿನ ಬೆಳಿಗ್ಗೆ ಫೋನು, ಪಂಜರದ ಅಡಿಯ ಪೇಪರೆಲ್ಲ ರಕ್ತ ಅಂತ. ಹೋಗಿ ನೋಡಿದರೆ ರೆಕ್ಕೆಯ ಎಳೆಗರಿ ಎರಡು ಮುರಿದು ಸುರಿಯುತ್ತಾ ಉಂಟು. ಎಳೆಗರಿಯ ಬುಡದಲ್ಲಿ ರಕ್ತ ಹರಿಯುತ್ತಿರುತ್ತದೆ, ಮುರಿದರೆ ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ. ಕತ್ತಲಲ್ಲಿ ಏನಕ್ಕೋ ಬೆಚ್ಚಿ ಪಂಜರಕ್ಕೆ ಬಡಿದುಕೊಂಡಿದೆ, ಕಾಕಟೀಲ್‌ಗಳಿಗೆ ಇದು ಮಾಮೂಲು. ಆದರೆ ಹಳೆಯ ಮನೆಯಲ್ಲಿ ಹೀಗೆ ಒಂದು ಸಲವೂ ಆಗಿರಲಿಲ್ಲ. ಯಾಕೆ ಅಂತ ಅವರಿಗೇ ಫೋನ್ ಮಾಡಿ ಕೇಳಿದರೆ, ಅಲ್ಲಿ ಪಂಜರ ಇದ್ದದ್ದು ದೇವರ ಕೋಣೆಯ ಬಾಗಿಲ ಹತ್ತಿರ, ರಾತ್ರಿ ಇಡೀ ಅಲ್ಲಿ ಸಣ್ಣ ಕೆಂಪು ಬಲ್ಬು ಉರಿಯುತ್ತಿತ್ತು. ಹೊಸ ಮನೆಯವರು ಹಕ್ಕಿ ಚೆನ್ನಾಗಿ ಮಲಗಲಿ ಅಂತ ಪೂರ್ತಿ ಕತ್ತಲೆ ಮಾಡಿ, ಮೇಲೆ ಬೈರಾಸೂ ಮುಚ್ಚಿದ್ದರು. ಯಾರದ್ದೂ ತಪ್ಪಿಲ್ಲ. ನಾನು ಕೇಳಬೇಕಿತ್ತು, ಕೇಳಲಿಲ್ಲ. ಹಕ್ಕಿ ಉಳಿಯಿತು, ಸದ್ಯ.

ಅಂದಿನಿಂದ ಯಾರು ಪ್ರಾಣಿ ಕೊಡಲು ಬಂದರೂ ಒಂದು ಚೀಟಿ ಬರೆಸುತ್ತೇನೆ. ಜಾತಿ, ವಯಸ್ಸು, ಮದ್ದು ಇದೆಲ್ಲ ಎರಡು ಸಾಲಿನಲ್ಲಿ ಸಾಕು. ಉಳಿದ ಪುಟದಲ್ಲಿ ಅದರ ಒಂದು ದಿನ ಬರೆಯಬೇಕು. ಎಷ್ಟು ಗಂಟೆಗೆ ಏಳುತ್ತದೆ, ಮೊದಲು ಏನು ತಿನ್ನುತ್ತದೆ, ಯಾವ ಪಾತ್ರೆಯಲ್ಲಿ, ಮಿಕ್ಸಿ ಶಬ್ದಕ್ಕೆ ಹೆದರುತ್ತದಾ, ಯಾರು ಎತ್ತಿಕೊಂಡರೆ ಸುಮ್ಮನಿರುತ್ತದೆ, ಹಿಕ್ಕೆ ಮಾಮೂಲಿಗೆ ಹೇಗಿರುತ್ತದೆ. ಕೊನೆಯದು ಕೇಳಿ ಎಲ್ಲರೂ ಮುಖ ಸಿಂಡರಿಸುತ್ತಾರೆ, ಆದರೆ ಹೊಸಬರಿಗೆ ಕಾಯಿಲೆ ಮೊದಲು ಗೊತ್ತಾಗುವುದು ಅಲ್ಲಿಯೇ. ಕೆಟ್ಟ ಬುದ್ಧಿಯನ್ನೂ ಬರೆಯಿರಿ. ಕಚ್ಚುತ್ತದೆ ಅಂದರೆ ಕಚ್ಚುತ್ತದೆ ಅಂತಲೇ. ಹೇಳಿದರೆ ಯಾರೂ ತೆಗೆದುಕೊಳ್ಳುವುದಿಲ್ಲ ಅಂತ ಮುಚ್ಚಿಟ್ಟರೆ ವಾರದಲ್ಲಿ ವಾಪಸ್ಸು ಬರುತ್ತದೆ, ಇಲ್ಲವೇ ಮೂರನೇ ಮನೆಗೆ ಹೋಗುತ್ತದೆ, ಅದು ಎಲ್ಲಿ ಅಂತ ನಿಮಗೆ ಗೊತ್ತೂ ಆಗುವುದಿಲ್ಲ. ಪೀಚಿಗೆ ಹೋಗುವ ಆಮೆಯ ಚೀಟಿ ಮಲಯಾಳದಲ್ಲೂ ಇರಲಿ.

ಮಗನಿಗೆ ಓದು ಮುಗಿದ ಮೇಲೆ ಕಾಕಟೀಲ್ ವಾಪಸ್ಸು ಬೇಕು ಅಂತಿದ್ದರೆ ಕೊಟ್ಟುಬಿಡುವುದು ಬೇಡ, ಸಾಕಲು ಕೊಡಿ. ಈಗ ಇದಕ್ಕೆ ಫಾಸ್ಟರ್ ಅಂತಾರೆ. ನಮ್ಮ ಕಡೆ ಹಿಂದೆ ಇನ್ನೂ ಕರು ಹಾಕದ ಗಡಸನ್ನು ಪಾಲಿಗೆ ಸಾಕಲು ಕೊಡುತ್ತಿದ್ದದ್ದು ನಿಮ್ಮ ಅತ್ತೆಗೆ ನೆನಪಿರಬಹುದು. ಮೊದಲ ಕರು ಯಾರಿಗೆ, ಹಾಲು ಯಾರಿಗೆ, ಸತ್ತರೆ ಯಾರ ನಷ್ಟ, ಎಲ್ಲ ಮೊದಲೇ ಮಾತಾಗುತ್ತಿತ್ತು. ಇಲ್ಲೂ ಅಷ್ಟೇ ಖಡಕ್ಕಾಗಿ ಮಾತಾಡಿ. ಎಷ್ಟು ವರ್ಷ, ಡಾಕ್ಟರ ಖರ್ಚು ಯಾರದ್ದು, ರಾತ್ರಿ ಹತ್ತಕ್ಕೆ ಹಕ್ಕಿಗೆ ಏನೋ ಆದರೆ ಮಸ್ಕತ್‌ಗೆ ಫೋನ್ ಮಾಡಿ ಕೇಳಬೇಕಾ ಅಥವಾ ಅವರೇ ತೀರ್ಮಾನ ಮಾಡಬಹುದಾ, ಮೊಟ್ಟೆ ಇಟ್ಟು ಮರಿಯಾದರೆ ಮರಿ ಯಾರದ್ದು. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ನೆಂಟರೊಳಗೆ ಕಾಗದ ಎಂತಕ್ಕೆ ಅಂತ ಅನಿಸುತ್ತದೆ, ಆದರೆ ನಾನು ನೋಡಿದ ಜಗಳ ಎಲ್ಲ ನೆಂಟರೊಳಗೇ ಆದದ್ದು. ಅವರ ಮನೆಯಲ್ಲಿ ಬೇರೆ ಹಕ್ಕಿ ಇದ್ದರೆ ಮೊದಲ 30 ದಿನ ಬೇರೆ ಕೋಣೆಯಲ್ಲಿ ಇಡಲು ಹೇಳಿ. ಸಾಧ್ಯವಾದರೆ ಹೊರಡುವ ಮೊದಲು ಒಂದು ವಾರ ಕೊಟ್ಟು ನೋಡಿ, ನೀವು ಇಲ್ಲಿರುವಾಗಲೇ.

ಸಾಗಿಸುವಾಗ ಜನ ಮಾಡುವ ದೊಡ್ಡ ತಪ್ಪು ಆಮೆಯನ್ನು ನೀರು ತುಂಬಿದ ಬಕೆಟಿನಲ್ಲಿ ಒಯ್ಯುವುದು. ಬಸ್ಸಿನ ಕುಲುಕಿಗೆ ಉರುಳಿ ಉರುಳಿ ಸುಸ್ತಾಗುತ್ತದೆ. ತೂತು ಮಾಡಿದ ಪ್ಲಾಸ್ಟಿಕ್ ಡಬ್ಬ, ಅಡಿಗೆ ಒದ್ದೆ ಬೈರಾಸು, ನೀರು ಬೇಡ, ಒಂದು ದಿನ ಏನೂ ಆಗುವುದಿಲ್ಲ. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ, ಆಮೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರುತ್ತದೆ. ಅದೇ ಕಾರಣಕ್ಕೆ ಅಮೆರಿಕದಲ್ಲಿ 1975ರಿಂದ 4 ಇಂಚಿಗಿಂತ ಸಣ್ಣ ಆಮೆ ಮಾರುವಂತಿಲ್ಲ. ಇಗುವಾನಾ ಹಳೆಯ ತಲೆದಿಂಬಿನ ಹತ್ತಿಯ ಚೀಲದಲ್ಲಿ ಹೋದರೆ ಕತ್ತಲೆಗೆ ಸುಮ್ಮನಿರುತ್ತದೆ, ಆ ಚೀಲ ರಟ್ಟಿನ ಪೆಟ್ಟಿಗೆಯೊಳಗೆ. ಗಿನಿಪಿಗ್‌ಗೆ ನೀರಿನ ಬಾಟಲಿ ಬದಲು ಮುಳ್ಳುಸೌತೆಯ ಎರಡು ಹೋಳು. ಮಧ್ಯಾಹ್ನದ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟು ಊಟಕ್ಕೆ ಇಳಿಯಬೇಡಿ, ಹತ್ತು ನಿಮಿಷವೂ ಬೇಡ.

ಉಳಿದದ್ದು ಗಿಳಿ. ಬರೆಯಲು ಬೇಸರ ಆಗುವ ಭಾಗ ಇದೇ.

ನಮ್ಮ ಊರಿನ ಗಿಳಿಯನ್ನು ಪಂಜರದಲ್ಲಿ ಇಡುವುದು ಕಾನೂನಿಗೆ ವಿರುದ್ಧ. ತಂದದ್ದಾಗಲಿ, ಮರದಿಂದ ಬಿದ್ದದ್ದಾಗಲಿ. 2022ರ ತಿದ್ದುಪಡಿಯ ನಂತರ ಅದು ವನ್ಯಜೀವಿ ಕಾಯ್ದೆಯ ಎರಡನೇ ಷೆಡ್ಯೂಲಿನಲ್ಲಿದೆ, ಅಂದರೆ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿ. ಹಾಗಾಗಿ ನೆಂಟರಿಗೆ ಕೊಡಿ ಅಂತ ನಾನು ಹೇಳಲಾರೆ, ಕೊಟ್ಟರೆ ಅವರನ್ನೂ ಸಿಕ್ಕಿಹಾಕಿಸಿದ ಹಾಗೆ. ಪಂಜರದ ಬಾಗಿಲು ತೆಗೆದು ಹಾರಿಸಿಬಿಟ್ಟರೂ ಆಗುವುದಿಲ್ಲ. ಮೂರು ವರ್ಷ ಹಾರದ ರೆಕ್ಕೆಗೆ ಬಲ ಇರುವುದಿಲ್ಲ, ಗಿಡುಗ ಅಂದರೆ ಏನು ಅಂತ ಅದಕ್ಕೆ ಗೊತ್ತಿಲ್ಲ, ಸಂಜೆಗೆ ಯಾರದ್ದೋ ಅಂಗಳಕ್ಕೆ ಇಳಿದು ಊಟ ಕೇಳುತ್ತದೆ, ಅಲ್ಲಿ ಬೆಕ್ಕು. ಹತ್ತಿರದ ಅರಣ್ಯ ರೇಂಜ್ ಕಚೇರಿಗೆ ಮೊದಲು ಫೋನ್ ಮಾಡಿ, ಬಿದ್ದ ಮರಿಯನ್ನು ಉಳಿಸಿದ್ದು, ಈಗ ನಾವಾಗಿಯೇ ಒಪ್ಪಿಸುತ್ತಿದ್ದೇವೆ ಅಂತ ಹೇಳಿ. ಇಗುವಾನಾಕ್ಕೆ ಹೇಳಿದ ಹಾಗೆಯೇ ಪತ್ರ, ಸೀಲು. ಒಪ್ಪಿಸುವ ಮೊದಲು ಒಂದು ತಿಂಗಳು ದೊಡ್ಡ ಪಂಜರದಲ್ಲಿ ರೆಕ್ಕೆ ಬಡಿಯಲು ಬಿಡಿ. ಅನ್ನ, ಬಿಸ್ಕತ್ತು ಕಡಿಮೆ ಮಾಡಿ ಪೇರಳೆ, ಹಸಿಮೆಣಸು, ತೆನೆ ಜಾಸ್ತಿ ಮಾಡಿ.

ಅತ್ತೆಗೆ ಮಾತ್ರ ಇದನ್ನು ಹಿಂದಿನ ದಿನ ಹೇಳಬೇಡಿ, ಈಗಲೇ ಹೇಳಿ. ಒಪ್ಪಿಸುವ ದಿನ ಅವರನ್ನೂ ಕರೆದುಕೊಂಡು ಹೋಗಿ, ಪಂಜರ ಅವರ ಕೈಯಲ್ಲೇ ಇರಲಿ. ಮತ್ತೆ ಗಿಳಿಯ ಚೀಟಿಯನ್ನು ನೀವು ಬರೆಯಬೇಡಿ, ಅವರು ಹೇಳಲಿ, ಮಗ ಬರೆದುಕೊಳ್ಳಲಿ. ಅದು ಯಾವ ಹೊತ್ತಿಗೆ ಕೂಗುತ್ತದೆ, ತುಳುವಿನಲ್ಲಿ ಏನು ಹೇಳುತ್ತದೆ, ಕನ್ನಡದಲ್ಲಿ ಏನು ಹೇಳುತ್ತದೆ ಅಂತ ಅವರೊಬ್ಬರಿಗೇ ಗೊತ್ತಿರುವುದು.